ದಾನಿಯ ಕಾಂಡಕೋಶ ಕಸಿ: ಕಲಬುರಗಿ ಕಡೆಯ ಮನೆಯವರಿಗೆ ಕೈಪಿಡಿ

ಬ್ಲಡ್ ಕ್ಯಾನ್ಸರ್ ಎಂದ ಕೂಡಲೇ ಬೋನ್ ಮ್ಯಾರೋ ಕಸಿ (ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ದಾನಿಯಿಂದ ಪಡೆಯುವ ಚಿಕಿತ್ಸೆ) ಎಂದು ತೀರ್ಮಾನಿಸಬೇಡಿ. ನಿಧಾನವಾಗಿ ಬೆಳೆಯುವ ಎರಡು ಬಗೆಗಳಲ್ಲಿ, ಅಂದರೆ ಸಿಎಂಎಲ್ (ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ) ಮತ್ತು ಸಿಎಲ್‌ಎಲ್ (ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ) ಎಂಬವುಗಳಲ್ಲಿ, ಹೆಚ್ಚಿನವರಿಗೆ ಅದು ಬೇಕಾಗುವುದೇ ಇಲ್ಲ. ಸಿಎಂಎಲ್ ಇದ್ದವರು 2001ರಲ್ಲಿ ಬಂದ ಇಮಾಟಿನಿಬ್ ಅಥವಾ ಅದರ ನಂತರ ಬಂದ ಗುಳಿಗೆ ನುಂಗಿಕೊಂಡು ಹೊಲ, ಅಂಗಡಿ, ನೌಕರಿ ನಡೆಸುತ್ತಾರೆ. ಸಿಎಲ್‌ಎಲ್ ಇದ್ದ ಹಲವರಿಗೆ ವರ್ಷಗಟ್ಟಲೆ ಔಷಧಿಯೇ ಬೇಕಾಗುವುದಿಲ್ಲ, ಬರೀ ತಪಾಸಣೆ ಸಾಕು. ಗುಳಿಗೆಗಳು ಒಂದೊಂದಾಗಿ ಸೋಲತೊಡಗಿದ ಸಣ್ಣ ಗುಂಪಿಗೆ ಮಾತ್ರ ಇಲ್ಲಿ ಬರೆದದ್ದು ಅನ್ವಯ. ಕಲಬುರಗಿ, ಬೀದರ್, ಯಾದಗಿರಿಯಿಂದ ಹೋಗುವವರಿಗೆ ಹೆಚ್ಚು ನಷ್ಟ ಮಾಡುವುದು ಎರಡು: ತಡವಾಗಿ ಹೊರಡುವುದು, ಬೇಗ ಮರಳುವುದು. ಕೆಳಗಿನದನ್ನು ಆ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಓದಿ.

ಯಾರಿಗೆ, ಯಾವಾಗ

ಸಿಎಲ್‌ಎಲ್‌ನಲ್ಲಿ ಬಿಳಿ ಕಣಗಳ ಎಣಿಕೆ ನೋಡಿ ಹೆದರುವವರೇ ಹೆಚ್ಚು. ಎಣಿಕೆ ಎರಡು ಲಕ್ಷ ಮುಟ್ಟಿದವರೂ ಆರಾಮಾಗಿ ಓಡಾಡಿಕೊಂಡಿರುತ್ತಾರೆ. ಅಪಾಯ ಗೊತ್ತಾಗುವುದು ಬೇರೆ ವರದಿಗಳಲ್ಲಿ: ಕ್ರೋಮೋಸೋಮಿನ ದೋಷ ಹುಡುಕುವ ಫಿಶ್ ಪರೀಕ್ಷೆಯಲ್ಲಿ ‘ಡೆಲ್ 17ಪಿ’ (17ನೆಯ ಕ್ರೋಮೋಸೋಮಿನ ಒಂದು ತುಂಡು ಕಳೆದಿರುವುದು) ಇದೆಯೇ, ಕ್ಯಾನ್ಸರ್ ತಡೆಯುವ ಟಿಪಿ53 ಜೀನ್ ಕೆಟ್ಟಿದೆಯೇ, ಐಜಿಎಚ್‌ವಿ ಎಂಬ ಜೀನ್ ‘ಅನ್‌ಮ್ಯುಟೇಟೆಡ್’ ಎಂದಿದೆಯೇ, ಕ್ರೋಮೋಸೋಮ್‌ಗಳಲ್ಲಿ ಮೂರು ಅಥವಾ ಹೆಚ್ಚು ದೋಷಗಳಿವೆಯೇ. ಫಿಶ್‌ನಲ್ಲಿ 17ಪಿ ಸರಿ ಇದೆ ಎಂದು ಬಂದರೂ ಟಿಪಿ53 ಕೆಟ್ಟಿರಬಹುದು, ಆದ್ದರಿಂದ ಎರಡನ್ನೂ ಕೇಳಿ ಮಾಡಿಸಿ. ಐಜಿಎಚ್‌ವಿ ಬದಲಾಗುವುದಿಲ್ಲ, ಜೀವನದಲ್ಲಿ ಒಮ್ಮೆ ಸಾಕು. ಫಿಶ್ ಮತ್ತು ಟಿಪಿ53 ಮಾತ್ರ ಪ್ರತಿ ಹೊಸ ಔಷಧಿ ಶುರುವಾಗುವ ಮುನ್ನ ಮತ್ತೆ ಆಗಬೇಕು; ಮೂರು ವರ್ಷದ ಹಿಂದಿನ ವರದಿ ಹಿಡಿದು ಇವತ್ತಿನ ನಿರ್ಧಾರ ಮಾಡಲಾಗದು.

ಇಂಥ ಕಾಯಿಲೆಗೂ ಈಗ ಇಬ್ರುಟಿನಿಬ್, ಅಕಾಲಾಬ್ರುಟಿನಿಬ್, ಝಾನುಬ್ರುಟಿನಿಬ್ ಎಂಬ ಒಂದು ಗುಂಪಿನ ಗುಳಿಗೆ ಇವೆ, ವೆನೆಟೋಕ್ಲಾಕ್ಸ್ ಎಂಬ ಇನ್ನೊಂದು ಬಗೆ ಇದೆ. ಎರಡೂ ಬಗೆ ಕೈಕೊಟ್ಟಾಗ ಕಸಿಯ ಮಾತು ಬರುತ್ತದೆ. ದುಗ್ಧಗ್ರಂಥಿಯ ಗಂಟುಗಳು ದಿಢೀರನೆ ಊದಿ, ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವ ಏರಿ, ಕಾಯಿಲೆ ವೇಗದ ಲಿಂಫೋಮಾಕ್ಕೆ (ದುಗ್ಧಗ್ರಂಥಿಯ ಕ್ಯಾನ್ಸರಿಗೆ) ತಿರುಗಿದಾಗಲೂ ಬರುತ್ತದೆ. ಇದಕ್ಕೆ ರಿಕ್ಟರ್ ಪರಿವರ್ತನೆ ಎನ್ನುತ್ತಾರೆ. ನಮ್ಮ ಸಲಹೆ ಇಷ್ಟು: ಟಿಪಿ53 ದೋಷ ಇದ್ದವರು ಮೊದಲ ಬಗೆಯ ಗುಳಿಗೆ ಸೋತ ದಿನವೇ ದಾನಿಯ ಹುಡುಕಾಟ ಶುರುಮಾಡಿ. ಎರಡನೆಯದು ಕೆಲಸ ಮಾಡುತ್ತಿರುವಾಗ ಕಾಯಿಲೆ ತಗ್ಗಿರುತ್ತದೆ, ಮೈಯಲ್ಲಿ ಶಕ್ತಿ ಇರುತ್ತದೆ. ಕಸಿಗೆ ಒಳ್ಳೆಯ ಕಾಲ ಅದೇ. ಐದು ಸೆಂಟಿಮೀಟರ್ ಮೀರಿದ ಗಂಟು ಇಟ್ಟುಕೊಂಡು ಕಸಿಗೆ ಹೋದವರಲ್ಲಿ ಕಾಯಿಲೆ ಮರಳುವುದು ಹೆಚ್ಚು.

ಸಿಎಂಎಲ್‌ನಲ್ಲಿ ಲೆಕ್ಕ ನೇರ. ರಕ್ತದಲ್ಲಿ ಕಾಯಿಲೆಯ ಜೀನ್ ಎಷ್ಟು ಉಳಿದಿದೆ ಎಂದು ಅಳೆಯುವ ಬಿಸಿಆರ್-ಎಬಿಎಲ್ ಪಿಸಿಆರ್ ಅಂಕಿ, ಗುಳಿಗೆ ಶುರುವಾದ 3 ತಿಂಗಳಿಗೆ ಶೇ. 10ಕ್ಕಿಂತ, 6 ತಿಂಗಳಿಗೆ ಶೇ. 1ಕ್ಕಿಂತ, ವರ್ಷಕ್ಕೆ ಶೇ. 0.1ಕ್ಕಿಂತ ಕೆಳಗಿಳಿಯಬೇಕು. ವರದಿಯಲ್ಲಿ ‘ಐಎಸ್’ ಎಂಬ ಅಂತರರಾಷ್ಟ್ರೀಯ ಅಳತೆ ನಮೂದಾಗಿರದಿದ್ದರೆ ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಲು ಬರುವುದಿಲ್ಲ. ಇಳಿಯದಿದ್ದರೆ ಮ್ಯುಟೇಶನ್ (ಜೀನ್ ಬದಲಾವಣೆ) ಪರೀಕ್ಷೆ ಮಾಡಿಸಿ. ಟಿ315ಐ ಎಂದು ಬಂದರೆ ಇಮಾಟಿನಿಬ್, ಡಸಾಟಿನಿಬ್, ನಿಲೋಟಿನಿಬ್, ಬೊಸುಟಿನಿಬ್ ನಾಲ್ಕೂ ನಡೆಯುವುದಿಲ್ಲ; ಉಳಿಯುವುದು ಪೊನಾಟಿನಿಬ್ ಅಥವಾ ಅಸಿಮಿನಿಬ್. ಅವೂ ಸೋತರೆ, ಇಲ್ಲವೇ ಕಾಯಿಲೆ ವೇಗವಾಗಿ ಉಲ್ಬಣಿಸುವ ಬ್ಲಾಸ್ಟ್ ಹಂತಕ್ಕೆ ಹೋದರೆ ಕಸಿ. ಬ್ಲಾಸ್ಟ್ ಹಂತದಲ್ಲೇ ನೇರ ಕಸಿಗೆ ಹಾರಬಾರದು, ಮೊದಲು ಔಷಧಿಯಿಂದ ಹಳೆಯ ನಿಧಾನ ಹಂತಕ್ಕೆ ಇಳಿಸಿಕೊಂಡು ಆಮೇಲೆ.

ಗುಳಿಗೆ ಸೋತಿತು ಎನ್ನುವ ಮೊದಲು ಗುಳಿಗೆ ಹೊಟ್ಟೆಗೆ ಹೋಗಿದೆಯೇ ನೋಡಿ. ಮದುವೆ, ಜಾತ್ರೆ, ರಾಶಿ ಎಂದು ತಿಂಗಳಿಗೆ ನಾಲ್ಕೈದು ದಿನ ತಪ್ಪಿಸುವುದು ಬಹಳ ಸಾಮಾನ್ಯ. ಡಸಾಟಿನಿಬ್ ನುಂಗುವವರು ಗ್ಯಾಸಿಗೆಂದು ದಿನಾ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದರೆ ಔಷಧಿ ಸರಿಯಾಗಿ ಹೀರಿಕೊಳ್ಳುವುದೇ ಇಲ್ಲ.

ರಕ್ತದ ಸ್ಯಾಂಪಲ್ ಕೆಡುವ ಬಗೆ

ಈ ಪರೀಕ್ಷೆಗಳಿಗೆ ನಮ್ಮ ಊರಿನ ಕಲೆಕ್ಷನ್ ಸೆಂಟರ್‌ಗಳು ರಕ್ತ ತೆಗೆದು ಹೈದರಾಬಾದ್, ಬೆಂಗಳೂರು, ಮುಂಬೈ ಲ್ಯಾಬಿಗೆ ಕಳಿಸುತ್ತವೆ. ದಾರಿಯಲ್ಲೇ ಅರ್ಧ ಕೆಡುತ್ತದೆ. ಕ್ರೋಮೋಸೋಮ್ ಪರೀಕ್ಷೆಗೆ ಕೋಶಗಳು ಜೀವಂತ ಇರಬೇಕು, ಹಾಗಾಗಿ ಹಸಿರು ಮುಚ್ಚಳದ ಸೋಡಿಯಂ ಹೆಪಾರಿನ್ ಟ್ಯೂಬ್. ಪಿಸಿಆರ್, ಮ್ಯುಟೇಶನ್, ದಾನಿ ಹೊಂದುತ್ತಾರೆಯೇ ಎಂದು ನೋಡುವ ಎಚ್‌ಎಲ್‌ಎ ಪರೀಕ್ಷೆಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್. ಅದಲುಬದಲಾದರೆ ‘ಕೋಶ ಬೆಳೆಯಲಿಲ್ಲ’ ಎಂಬ ವರದಿ ಬಂದು ಮೂರು ವಾರ ಹೋಗುತ್ತದೆ. ಬಿಸಿಆರ್-ಎಬಿಎಲ್ ಪರೀಕ್ಷೆ ನೋಡುವುದು ಆರ್‌ಎನ್‌ಎಯನ್ನು, ಅದು ಬೇಗ ಹಾಳಾಗುವ ವಸ್ತು. 48 ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು. ಶನಿವಾರ ಸಂಜೆ ರಕ್ತ ಕೊಡಬೇಡಿ, ಸೋಮವಾರ ಅಥವಾ ಮಂಗಳವಾರ ಬೆಳಿಗ್ಗೆ ಕೊಡಿ. ಏಪ್ರಿಲ್-ಮೇ ತಿಂಗಳ 43 ಡಿಗ್ರಿ ಬಿಸಿಲಿನಲ್ಲಿ ಟ್ಯೂಬು ಬೈಕಿನ ಡಿಕ್ಕಿಯಲ್ಲಿ ಕೂತರೆ ಮುಗಿಯಿತು. ಐಸ್ ಪ್ಯಾಕ್ ಇರುವ ಡಬ್ಬಿಯಲ್ಲೇ ಹೋಗಬೇಕು, ಆದರೆ ಟ್ಯೂಬು ಐಸಿಗೆ ನೇರ ತಾಗಿ ಹೆಪ್ಪುಗಟ್ಟಬಾರದು.

ದಾನಿ ಸಿಗುವ ಲೆಕ್ಕ

ಎಚ್‌ಎಲ್‌ಎ ಎಂಬುದು ಕೋಶದ ಮೇಲಿನ ಗುರುತು. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರುತ್ತದೆ. ಎ, ಬಿ, ಸಿ, ಡಿಆರ್‌ಬಿ1, ಡಿಕ್ಯೂಬಿ1 ಎಂಬ ಐದು ಜಾಗದಲ್ಲಿ ಎರಡೆರಡು, ಒಟ್ಟು ಹತ್ತು. ಹತ್ತಕ್ಕೆ ಹತ್ತು ಹೊಂದಿದರೆ ಪೂರ್ಣ ಹೊಂದಾಣಿಕೆ. ಒಬ್ಬ ಒಡಹುಟ್ಟಿದವರಿಗೆ ಅದು ಕೂಡಿಬರುವ ಅವಕಾಶ ನಾಲ್ಕರಲ್ಲಿ ಒಂದು. ಇಬ್ಬರಿದ್ದರೆ ಶೇ. 44, ಮೂವರಿದ್ದರೆ ಶೇ. 58, ನಾಲ್ವರಿದ್ದರೆ ಶೇ. 68. ಅಣ್ಣ-ತಮ್ಮ, ಅಕ್ಕ-ತಂಗಿ ಎಲ್ಲರದ್ದೂ ಒಂದೇ ಲ್ಯಾಬಿನಲ್ಲಿ ‘ಹೈ ರೆಸಲ್ಯೂಶನ್’ ವಿಧಾನದಲ್ಲೇ ಮಾಡಿಸಿ. ಅಗ್ಗದ ಪರೀಕ್ಷೆ ಮಾಡಿಸಿದರೆ ಕಸಿ ಕೇಂದ್ರದಲ್ಲಿ ಮತ್ತೆ ಮಾಡಿಸಬೇಕಾಗುತ್ತದೆ. ಪುಣೆಯಲ್ಲಿರುವ ತಮ್ಮ, ದುಬೈಯಲ್ಲಿರುವ ಅಣ್ಣ ಊರಿಗೆ ಬರಬೇಕಾಗಿಲ್ಲ. ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಉಜ್ಜಿ ಕಳಿಸಿದರೆ ಸಾಕು.

ನಮ್ಮ ಭಾಗದಲ್ಲಿ ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮಗನಿಗೆ ಕೊಡುವುದು ಇನ್ನೂ ಇದೆ. ಅಂಥ ಮನೆಗಳಲ್ಲಿ ಒಂದೇ ಗುರುತು ಎರಡೂ ಕಡೆಯಿಂದ ಬಂದು ಸೇರುವುದುಂಟು. ಆಗ ತಂದೆ, ತಾಯಿ, ಮಕ್ಕಳು, ಕೆಲವೊಮ್ಮೆ ಕಾಕಾನ ಮಕ್ಕಳೂ ಪೂರ್ಣ ಹೊಂದಬಹುದು. ವೈದ್ಯರು ಕೇಳದಿದ್ದರೂ ವಂಶಾವಳಿ ಬರೆದು ಮುಂದಿಡಿ.

ಒಡಹುಟ್ಟಿದವರು ಹೊಂದದಿದ್ದರೆ ನೋಂದಾಯಿತ ದಾನಿಗಳ ಪಟ್ಟಿ ಹುಡುಕಬಹುದು. ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ (ಮೊದಲಿನ ಹೆಸರು ಡಿಕೆಎಂಎಸ್-ಬಿಎಂಎಸ್‌ಟಿ) ಎರಡೂ ಇಂಥ ಪಟ್ಟಿ ಇಟ್ಟಿವೆ. ಕಸಿ ಕೇಂದ್ರದ ಮೂಲಕವೇ ಹುಡುಕಬೇಕು. ಭಾರತೀಯ ದಾನಿಗಳು ಜನಸಂಖ್ಯೆಗೆ ಹೋಲಿಸಿದರೆ ಬಹಳ ಕಡಿಮೆ, ಹಣವೂ ಸಮಯವೂ ಹೆಚ್ಚು ಬೇಕು. ಆದ್ದರಿಂದ ಈಗ ಅನೇಕ ಕೇಂದ್ರಗಳು ಅರ್ಧ ಹೊಂದುವ ಮನೆಯವರನ್ನೇ ತೆಗೆದುಕೊಳ್ಳುತ್ತವೆ: ಮಗ, ಮಗಳು, ತಂದೆ, ತಾಯಿ. ಇದಕ್ಕೆ ಹ್ಯಾಪ್ಲೋ ಎನ್ನುತ್ತಾರೆ. ಇಪ್ಪತ್ತೈದರ ಮಗ ಇದ್ದ ಮನೆಯಲ್ಲಿ ದಾನಿ ಇಲ್ಲ ಎಂದು ಕೈಚೆಲ್ಲಿ ಕೂರುವ ಕಾಲ ಮುಗಿದಿದೆ.

ಇಲ್ಲಿ ಮೂರು ಎಚ್ಚರ. ಸಿಎಲ್‌ಎಲ್ ಕೆಲವು ಮನೆತನಗಳಲ್ಲಿ ಹರಿಯುತ್ತದೆ, ಅದಕ್ಕೇ ದಾನಿಯಾಗುವ ಅಣ್ಣ-ತಮ್ಮಂದಿರ ರಕ್ತವನ್ನು ಫ್ಲೋ ಸೈಟೋಮೆಟ್ರಿ ಎಂಬ ಕೋಶ ಗುರುತಿಸುವ ಪರೀಕ್ಷೆಯಲ್ಲಿ ನೋಡಲೇಬೇಕು. ಎಣಿಕೆ ಸರಿ ಇದ್ದವರಲ್ಲೂ ಅದೇ ಬಗೆಯ ಕೋಶ ಸದ್ದಿಲ್ಲದೆ ಇರಬಹುದು. ಎರಡನೆಯದು, ರೋಗಿ ಹೆಣ್ಣುಮಗಳಾಗಿದ್ದು ದಾನಿ ಅವರ ಮಗನೋ ಮಗಳೋ ಆಗಿದ್ದರೆ, ಬಸುರಿನ ಕಾಲದಲ್ಲಿ ಮಗುವಿನ ಗುರುತಿನ ವಿರುದ್ಧ ತಾಯಿಯ ರಕ್ತದಲ್ಲಿ ಪ್ರತಿಕಾಯ ಹುಟ್ಟಿರುವ ಸಾಧ್ಯತೆ ಇದೆ. ಡಿಎಸ್‌ಎ ಎಂಬ ಪರೀಕ್ಷೆ ಇದನ್ನು ಹೇಳುತ್ತದೆ. ಅದು ಜೋರಾಗಿದ್ದರೆ ಕಸಿ ಹಿಡಿಯುವುದಿಲ್ಲ, ಬೇರೆ ಮಗುವನ್ನು ನೋಡಬೇಕು. ಮೂರನೆಯದು, ಕಸಿಗೆ ಮುಂಚೆ ರಕ್ತ ಏರಿಸಬೇಕಾದರೆ ಮನೆಯವರ ರಕ್ತ ರೋಗಿಗೆ ಹಾಕಿಸಬೇಡಿ. ಬ್ಲಡ್ ಬ್ಯಾಂಕಿಗೆ ಬದಲಿ ರಕ್ತ ಕೊಡುವುದು ಬೇರೆ ಮಾತು, ಅದಕ್ಕೆ ಅಡ್ಡಿಯಿಲ್ಲ.

ದಾನಿಯನ್ನು ಕೂರಿಸಿ ಹೇಳಬೇಕಾದ್ದು

‘ಬೆನ್ನುಮೂಳೆಗೆ ಸೂಜಿ ಹಾಕಿ ನೀರು ತೆಗೀತಾರೆ, ಗಂಡಸುತನ ಹೋಗ್ತದ’ ಎಂಬ ಮಾತು ಹಳ್ಳಿಯಲ್ಲಿ ಓಡಾಡುತ್ತದೆ. ನಡೆಯುವುದು ಹೀಗೆ: ಫಿಲ್‌ಗ್ರಾಸ್ಟಿಮ್ ಎಂಬ ಸೂಜಿ, ದೇಹದ ಪ್ರತಿ ಕಿಲೋಗೆ ದಿನಕ್ಕೆ 10 ಮೈಕ್ರೋಗ್ರಾಂ, ನಾಲ್ಕೈದು ದಿನ ಚರ್ಮದಡಿ. 60 ಕಿಲೋ ತೂಕದವರಿಗೆ 600 ಮೈಕ್ರೋಗ್ರಾಂ, ಅಂದರೆ 300ರ ಎರಡು ಸಿರಿಂಜು. ಐದನೆಯ ದಿನ ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹೋಗಿ, ಕಾಂಡಕೋಶ ಮಾತ್ರ ಬೇರ್ಪಟ್ಟು, ಉಳಿದದ್ದು ಇನ್ನೊಂದು ತೋಳಿಗೆ ಮರಳುತ್ತದೆ. ನಾಲ್ಕೈದು ಗಂಟೆ ಮಲಗಿರಬೇಕು. ಸೂಜಿಯ ದಿನಗಳಲ್ಲಿ ಸೊಂಟ, ಎದೆಮೂಳೆ ನೋಯುತ್ತವೆ, ಪ್ಯಾರಾಸಿಟಮಾಲ್ ಸಾಕು. ಯಂತ್ರದ ಮೇಲೆ ಇರುವಾಗ ತುಟಿ, ಬೆರಳು ಜುಮುಜುಮು ಎಂದರೆ ಕೂಡಲೇ ಹೇಳಬೇಕು: ರಕ್ತ ಹೆಪ್ಪುಗಟ್ಟದಂತೆ ಹಾಕುವ ಸಿಟ್ರೇಟ್ ಕ್ಯಾಲ್ಸಿಯಂ ಇಳಿಸುವುದರಿಂದ ಹಾಗಾಗುತ್ತದೆ, ಕ್ಯಾಲ್ಸಿಯಂ ಕೊಟ್ಟರೆ ನಿಲ್ಲುತ್ತದೆ. ರೋಗಿಯ ತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಸಿಡಿ34 ಕೋಶ (ಕಾಂಡಕೋಶಗಳನ್ನು ಎಣಿಸುವ ಗುರುತು) ಬೇಕು, 40-50 ಲಕ್ಷ ಸಿಕ್ಕರೆ ಒಳ್ಳೆಯದು. ಸಾಲದಿದ್ದರೆ ಮರುದಿನ ಮತ್ತೊಮ್ಮೆ.

ಮೂರ್ನಾಲ್ಕು ದಿನಕ್ಕೆ ದಾನಿ ಊರಿಗೆ ಹೋಗಬಹುದು. ಆದರೆ ಸೂಜಿಯಿಂದ ಗುಲ್ಮ ಸ್ವಲ್ಪ ಊದಿರುತ್ತದೆ; ಒಂದೆರಡು ವಾರ ಚೀಲ ಹೊರುವುದು, ಕುಸ್ತಿ, ಕಬಡ್ಡಿ ಬೇಡ. ರೈತ ದಾನಿಯಾಗಿದ್ದರೆ ಡಿಸೆಂಬರ್-ಜನವರಿಯ ತೊಗರಿ ರಾಶಿಯ ದಿನ ಬಿಟ್ಟು ತಾರೀಖು ಹಾಕಿಸಿಕೊಳ್ಳಿ. ಕಾರಣ ಸರಳ: ರೋಗಿಗೆ ಕೀಮೋ ಶುರುವಾದ ಮೇಲೆ ದಾನಿ ಹಿಂದೆ ಸರಿದರೆ ರೋಗಿಯ ಮಜ್ಜೆ ಬತ್ತಿರುತ್ತದೆ, ತುಂಬಲು ಬೇರೆ ಏನೂ ಇರುವುದಿಲ್ಲ. ದಾನಿಗೆ ಮನಸ್ಸಿಲ್ಲದಿದ್ದರೆ ಮೊದಲೇ ‘ಒಲ್ಲೆ’ ಎನ್ನಲು ದಾರಿ ಬಿಡಿ, ಹಿರಿಯರು ಮುಂದೆ ನಿಂತು ಒತ್ತಾಯಿಸಬೇಡಿ.

ಊರು, ಕಾಗದ, ಹಣ

ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆ ಕಲಬುರಗಿಯಲ್ಲೇ ಇದೆ, ಸರ್ಕಾರಿ ವೈದ್ಯ ಕಾಲೇಜುಗಳಾದ ಜಿಮ್ಸ್ ಇಲ್ಲಿ, ಬ್ರಿಮ್ಸ್ ಬೀದರಿನಲ್ಲಿ ಇವೆ. ತಪಾಸಣೆ, ರಕ್ತ, ರೆಫರಲ್ ಕಾಗದ ಇವೆಲ್ಲ ಇಲ್ಲೇ ಆಗುತ್ತವೆ. ದಾನಿ ಕಸಿಗೆ ಮಾತ್ರ ಬೆಂಗಳೂರು, ಹೈದರಾಬಾದ್, ವೆಲ್ಲೂರು ಅಥವಾ ಮುಂಬೈಗೆ ಹೋಗಬೇಕು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿ, ವೆಲ್ಲೂರಿನ ಸಿಎಂಸಿಯಲ್ಲಿ 1986ರಲ್ಲಿ ಈ ಕೆಲಸ ಶುರುವಾಯಿತು. ಬೀದರಿನವರಿಗೆ ಹೈದರಾಬಾದ್ ಸುಮಾರು 150 ಕಿಲೋಮೀಟರ್, ಮೂರು ತಾಸು. ಬೆಂಗಳೂರು ಒಂದು ರಾತ್ರಿಯ ಪ್ರಯಾಣ. ಕಸಿಯಾದ ಮೇಲಿನ ಒಂದು ವರ್ಷದ ಓಡಾಟ ಲೆಕ್ಕ ಹಾಕಿದರೆ ಹತ್ತಿರದ ಊರಿಗೆ ತೂಕ ಹೆಚ್ಚು. ಆದರೆ ಕರ್ನಾಟಕದ ಕಾರ್ಡು ಪಕ್ಕದ ರಾಜ್ಯದ ದವಾಖಾನೆಯಲ್ಲಿ ಈ ಚಿಕಿತ್ಸೆಗೆ ನಡೆಯುತ್ತದೆಯೇ ಎಂದು ಅಲ್ಲಿನ ಸ್ಕೀಮ್ ಕೌಂಟರಿನಲ್ಲಿ ಫೋನ್ ಮಾಡಿ ಕೇಳಿ, ಆಮೇಲೆ ಬ್ಯಾಗು ಕಟ್ಟಿ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30, ಹೆಚ್ಚೆಂದರೆ 1.5 ಲಕ್ಷ. ಖಾಸಗಿಯಲ್ಲಿ ಸೇರುವ ಮುನ್ನ ಸರ್ಕಾರಿ ದವಾಖಾನೆಯ ರೆಫರಲ್ ಬೇಕು. ದಾನಿ ಕಸಿಯ ಒಟ್ಟು ಖರ್ಚು ಸಾಮಾನ್ಯವಾಗಿ 10ರಿಂದ 25 ಲಕ್ಷದ ಒಳಗೆ ಬರುತ್ತದೆ, ತೊಡಕಾದರೆ ಅದಕ್ಕೂ ಮೇಲೆ. ಹಾಗಾಗಿ ಕಾರ್ಡಿನ ಜೊತೆಗೆ ಬಡವರಿಗಾಗಿ ಇರುವ ರಾಷ್ಟ್ರೀಯ ಆರೋಗ್ಯ ನಿಧಿ, ಸಂಸದರ ಪತ್ರದೊಂದಿಗೆ ಪ್ರಧಾನಮಂತ್ರಿ ಪರಿಹಾರ ನಿಧಿ, ಮುಖ್ಯಮಂತ್ರಿ ಪರಿಹಾರ ನಿಧಿ ಮೂರಕ್ಕೂ ಅರ್ಜಿ ಹಾಕಿ. ಎಲ್ಲಕ್ಕೂ ಬೇಕಾಗುವುದು ಕಸಿ ಕೇಂದ್ರದ ಸಹಿ-ಮೊಹರು ಇರುವ ಅಂದಾಜು ಪತ್ರ ಮತ್ತು ನಾಡಕಚೇರಿಯ ಆದಾಯ ಪ್ರಮಾಣಪತ್ರ. ಹಣ ಖರ್ಚಾದ ಮೇಲೆ ಬಿಲ್ಲು ಹಿಡಿದು ಹೋದರೆ ಇವುಗಳಲ್ಲಿ ಹೆಚ್ಚಿನವು ಕೊಡುವುದಿಲ್ಲ, ಮುಂಚೆಯೇ ಹಾಕಬೇಕು.

ಮನೆಯವರು ಲೆಕ್ಕ ತಪ್ಪುವುದು ಇಲ್ಲೇ. ಕಸಿಗೆಂದು ಕೂಡಿಸಿದ ದುಡ್ಡು ಡಿಸ್ಚಾರ್ಜ್ ದಿನ ಖಾಲಿಯಾಗಿರುತ್ತದೆ. ಅದಾದ ಮೇಲೆ ಫಂಗಸ್ ತಡೆಯುವ ಪೊಸಾಕೊನಜೋಲ್, ವೈರಸ್ ತಡೆಯುವ ವಾಲ್‌ಗ್ಯಾನ್‌ಸಿಕ್ಲೋವಿರ್, ದಾನಿಯ ಕೋಶಗಳನ್ನು ಹಿಡಿತದಲ್ಲಿಡುವ ಟ್ಯಾಕ್ರೋಲಿಮಸ್, ವಾರವಾರದ ಪರೀಕ್ಷೆ, ದವಾಖಾನೆಗೆ ಅರ್ಧ ಗಂಟೆಯೊಳಗೆ ಬಾಡಿಗೆ ಮನೆ, ಎಲ್ಲಕ್ಕೂ ಕನಿಷ್ಠ ನೂರು ದಿನ ಹಣ ಬೇಕು. ಕೂಡಿಸಿದ್ದರಲ್ಲಿ ಮೂರನೇ ಒಂದು ಪಾಲು ಇದಕ್ಕೆಂದು ಬೇರೆ ಇಡಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ ಶೇ. 75. ದವಾಖಾನೆ ತುಂಬಿಕೊಡುವ ರೈಲ್ವೆ ಫಾರ್ಮ್ ಇದ್ದರೆ ಸಾಕು.

ಹೊರಡುವ ಮುನ್ನ ಹಲ್ಲಿನ ವೈದ್ಯರಲ್ಲಿ ಹೋಗಿ. ಗುಟ್ಕಾ ತಿಂದು ಹುಳುಕಾದ ಹಲ್ಲು ಕೀಳಿಸಿ ಗಾಯ ಒಣಗಲು ಎರಡು ವಾರ ಬೇಕು. ಬಿಳಿ ಕಣ ಸೊನ್ನೆಗೆ ಇಳಿದಾಗ ಆ ಬೇರಿನ ಕೀವೇ ರಕ್ತಕ್ಕೆ ಸೇರುತ್ತದೆ. ಎದೆಯ ಸಿಟಿ ಮಾಡಿಸಿ, ಹಳೆಯ ಟಿಬಿ ಇದ್ದರೆ ಮುಚ್ಚಿಡಬೇಡಿ. ಹೆಪಟೈಟಿಸ್ ಬಿಗೆ ಬರೀ ಎಚ್‌ಬಿಎಸ್‌ಎಜಿ ಸಾಲದು, ಆಂಟಿ-ಎಚ್‌ಬಿಸಿ ಕೂಡ ನೋಡಬೇಕು. ಎಂದೋ ಬಂದು ಹೋದ ವೈರಸ್ ಕಸಿಯ ಮೇಲೆ ಎದ್ದು ಯಕೃತ್ತು ಸುಡುತ್ತದೆ, ದಿನಕ್ಕೊಂದು ಗುಳಿಗೆ ಅದನ್ನು ತಡೆಯುತ್ತದೆ.

ಕಸಿಯ ವಾರಗಳು

ಇಲ್ಲಿ ಕತ್ತರಿ-ಚಾಕು ಇಲ್ಲ. ಎದೆಯ ಮೇಲಿನ ಅಥವಾ ತೋಳಿನ ದೊಡ್ಡ ರಕ್ತನಾಳಕ್ಕೆ ಒಂದು ಕೊಳವೆ ಹಾಕುತ್ತಾರೆ. ಸಿಎಲ್‌ಎಲ್ ಹೆಚ್ಚಾಗಿ ವಯಸ್ಸಾದವರ ಕಾಯಿಲೆ, ಆದ್ದರಿಂದ ಕಡಿಮೆ ತೀವ್ರತೆಯ ಕೀಮೋ ಸಾಮಾನ್ಯ: ಫ್ಲುಡಾರಾಬಿನ್ ಚದರ ಮೀಟರಿಗೆ 30 ಮಿಲಿಗ್ರಾಂನಂತೆ ನಾಲ್ಕೈದು ದಿನ, ಜೊತೆಗೆ ಬುಸುಲ್ಫಾನ್ ಅಥವಾ ಮೆಲ್ಫಾಲಾನ್. ಮೆಲ್ಫಾಲಾನ್ ಹರಿಯುವ ಹೊತ್ತಿನಲ್ಲಿ ಬಾಯಲ್ಲಿ ಐಸ್ ಚೂರು ಇಟ್ಟುಕೊಂಡರೆ ಬಾಯಿಹುಣ್ಣು ಕಡಿಮೆ. ಸೊನ್ನೆಯ ದಿನ, ಅಂದರೆ ದಾನಿಯ ಕೋಶ ಏರಿಸುವ ದಿನ, ಸ್ಟ್ಯಾಂಡಿಗೆ ನೇತುಹಾಕುವ ಚೀಲ ನೋಡಿ ಮನೆಯವರಿಗೆ ‘ಇಷ್ಟೇನಾ’ ಅನಿಸುತ್ತದೆ: ಇನ್ನೂರು-ಮುನ್ನೂರು ಮಿಲಿಲೀಟರ್, ನೀರು ಬೆರೆಸಿದ ಟೊಮೆಟೊ ಸಾರಿನ ಬಣ್ಣ, ಮಾಮೂಲಿ ರಕ್ತ ಏರಿಸಿದಂತೆಯೇ ಇಳಿಯುತ್ತದೆ. ಕೋಶಗಳು ತಾವಾಗಿ ದಾರಿ ಹುಡುಕಿ ಮೂಳೆಯೊಳಗೆ ಕೂರುತ್ತವೆ.

ಹ್ಯಾಪ್ಲೋ ಆದರೆ ಕಸಿಯಾದ ಮೂರನೆಯ, ನಾಲ್ಕನೆಯ ದಿನ ಕಿಲೋಗೆ 50 ಮಿಲಿಗ್ರಾಂ ಸೈಕ್ಲೋಫಾಸ್ಫಮೈಡ್ ಕೊಡುತ್ತಾರೆ. ರೋಗಿಯ ಮೇಲೆ ತಿರುಗಿಬಿದ್ದು ಆಗತಾನೆ ಹೆಚ್ಚತೊಡಗಿದ ದಾನಿಯ ಟಿ ಕೋಶಗಳನ್ನು (ರೋಗನಿರೋಧಕ ಬಿಳಿ ಕಣಗಳನ್ನು) ಇದು ಕೊಲ್ಲುತ್ತದೆ, ಕಾಂಡಕೋಶಗಳನ್ನು ಬಿಡುತ್ತದೆ. ಅದಕ್ಕೂ ಮುಂಚೆ ಬರುವ ಜ್ವರಕ್ಕೆ ಸ್ಟಿರಾಯ್ಡ್ ಕೊಟ್ಟರೆ ಆ ಕೋಶಗಳು ಹೆಚ್ಚದೆ ಅಡಗಿ ಕೂತು ಔಷಧಿಯಿಂದ ತಪ್ಪಿಸಿಕೊಳ್ಳುತ್ತವೆ. ಸೊನ್ನೆಯ ದಿನದಿಂದ ಈ ಔಷಧಿ ಮುಗಿಯುವವರೆಗೆ ಸ್ಟಿರಾಯ್ಡ್ ದೂರ ಇಡುವುದು ಇದಕ್ಕೇ. ಮೂತ್ರ ಕೆಂಪಾದರೆ ನರ್ಸಿಗೆ ತೋರಿಸದೆ ಫ್ಲಶ್ ಮಾಡಬೇಡಿ.

ಎರಡರಿಂದ ಮೂರು ವಾರಕ್ಕೆ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣ) ಎಣಿಕೆ ಸತತ ಮೂರು ದಿನ 500 ದಾಟಿದರೆ ಕಸಿ ಹಿಡಿಯಿತು ಎಂದರ್ಥ. ಕಸಿಯ ರೋಗಿಗೆ ಏರಿಸುವ ರಕ್ತ, ಪ್ಲೇಟ್ಲೆಟ್ ಎಲ್ಲವೂ ವಿಕಿರಣ ಹಾಯಿಸಿದ್ದಾಗಿರಬೇಕು. ಹಾಯಿಸದ ರಕ್ತದಲ್ಲಿನ ಬಿಳಿ ಕಣಗಳು ರೋಗಿಯ ಮೈಯಲ್ಲೇ ಬೇರೂರಿ ಅವರನ್ನೇ ತಿನ್ನಬಲ್ಲವು. ಫ್ಲುಡಾರಾಬಿನ್ ತೆಗೆದುಕೊಂಡವರಿಗೆ ಈ ನಿಯಮ ಮುಂದೆಯೂ ಉಂಟು, ಊರಿಗೆ ಬಂದ ಮೇಲೆ ಕಲಬುರಗಿಯ ಬ್ಲಡ್ ಬ್ಯಾಂಕಿಗೂ ಹೇಳಬೇಕು.

ಮರಳಿದ ಮೇಲೆ

ನೂರು ದಿನ ಮುಗಿಯದೆ ಊರಿಗೆ ಹೊರಡಬೇಡಿ. ‘ಎಣಿಕೆ ಸರಿ ಬಂತು, ಇನ್ನೇನು’ ಎಂದು ನಲವತ್ತನೆಯ ದಿನ ಗಾಡಿ ಹತ್ತುವವರಿದ್ದಾರೆ. ದಾನಿಯ ಕೋಶ ರೋಗಿಯ ಮೈಯನ್ನೇ ಪರಕೀಯ ಎಂದು ಕಚ್ಚುವ ಜಿವಿಎಚ್‌ಡಿ ಹೆಚ್ಚಾಗಿ ಈ ಅವಧಿಯಲ್ಲೇ ಬರುತ್ತದೆ, ಸಿಎಂವಿ ವೈರಸ್ ಏಳುವುದೂ ಆಗಲೇ. ಸಿಎಂವಿಗೆ ವಾರಕ್ಕೊಮ್ಮೆ ಪಿಸಿಆರ್ ನೋಡುತ್ತಾರೆ. ಲಕ್ಷಣ ಕಾಣುವವರೆಗೆ ಕಾದರೆ ಅದು ಶ್ವಾಸಕೋಶ, ಕರುಳು ಸೇರಿರುತ್ತದೆ.

ಜಿವಿಎಚ್‌ಡಿ ಮೂರು ಕಡೆ ಕಾಣುತ್ತದೆ. ಅಂಗೈ, ಅಂಗಾಲು, ಕಿವಿಯ ಹಿಂದೆ ಶುರುವಾಗುವ ಕೆಂಪು ಗಂಧೆ. ನೀರಿನಂಥ ಭೇದಿ: ಎಷ್ಟು ಸಲ ಎನ್ನುವುದಕ್ಕಿಂತ ಎಷ್ಟು ಎನ್ನುವುದು ಮುಖ್ಯ, ಗೆರೆ ಹಾಕಿದ ಪ್ಲಾಸ್ಟಿಕ್ ಮಗ್ಗಿನಲ್ಲಿ ಅಳೆಯಿರಿ, ದಿನಕ್ಕೆ 500 ಮಿಲಿಲೀಟರ್ ದಾಟಿದರೆ ಅದೇ ದಿನ ಕರೆ ಮಾಡಿ. ಕಣ್ಣು ಹಳದಿಯಾಗುವುದು. ಬಿಸಿಲು ಚರ್ಮದ ಜಿವಿಎಚ್‌ಡಿಯನ್ನು ಕೆರಳಿಸುತ್ತದೆ. ಕಲಬುರಗಿಯ ಬಿಸಿಲಿಗೆ ತುಂಬು ತೋಳಿನ ಅಂಗಿ, ಛತ್ರಿ, ಎಸ್‌ಪಿಎಫ್ 30ರ ಕ್ರೀಮು ವರ್ಷಪೂರ್ತಿ ಬೇಕು. ತಿಂಗಳುಗಳು ಕಳೆದ ಮೇಲೆ ಬಾಯಿ ಒಣಗುವುದು, ಕಣ್ಣಿನಲ್ಲಿ ಮರಳು ಬಿದ್ದಂತಾಗುವುದು, ಮೆಟ್ಟಿಲು ಹತ್ತಿದರೆ ದಮ್ಮು ಬರುವುದು ಅದರದೇ ದೀರ್ಘಕಾಲದ ರೂಪ. ದಮ್ಮನ್ನು ಕಡೆಗಣಿಸಿದರೆ ಶ್ವಾಸಕೋಶ ಹಿಂದಿನಂತಾಗುವುದಿಲ್ಲ.

ಟ್ಯಾಕ್ರೋಲಿಮಸ್ 12 ತಾಸಿಗೊಮ್ಮೆ, ಬೆಳಿಗ್ಗೆ 9 ಎಂದರೆ ರಾತ್ರಿ 9. ಅದರ ಮಟ್ಟ ನೋಡುವ ದಿನ ಬೆಳಗಿನ ಗುಳಿಗೆ ನುಂಗದೆ ಲ್ಯಾಬಿಗೆ ಹೋಗಿ, ರಕ್ತ ಕೊಟ್ಟ ಮೇಲೆ ನುಂಗಿ. ನುಂಗಿ ಹೋದರೆ ಅಂಕಿ ಸುಳ್ಳೇ ಹೆಚ್ಚು ಬರುತ್ತದೆ, ವೈದ್ಯರು ಡೋಸ್ ಇಳಿಸುತ್ತಾರೆ, ವಾರದೊಳಗೆ ಜಿವಿಎಚ್‌ಡಿ ಏಳುತ್ತದೆ. ಫಂಗಸ್ ಗುಳಿಗೆಗಳು ಇದರ ಮಟ್ಟ ಏರಿಸುತ್ತವೆ, ಟಿಬಿಯ ರಿಫಾಂಪಿಸಿನ್ ಪಾತಾಳಕ್ಕೆ ಇಳಿಸುತ್ತದೆ. ಚಕ್ಕೋತ ಹಣ್ಣು ಬೇಡ, ನಾಟಿ ಔಷಧಿ ಕಷಾಯವೂ ಬೇಡ. ರಂಜಾನ್ ಉಪವಾಸ ಹಿಡಿಯುವವರು 12 ತಾಸಿನ ಲೆಕ್ಕ ತಪ್ಪುವುದರಿಂದ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಜ್ವರದ ನಿಯಮ ಬರೆದು ಗೋಡೆಗೆ ಅಂಟಿಸಿ. ಥರ್ಮಾಮೀಟರ್ 100.4 ತೋರಿಸಿದರೆ ಪ್ಯಾರಾಸಿಟಮಾಲ್ ನುಂಗಿ ಕಾಯಬೇಡಿ. ಕಸಿ ಕೇಂದ್ರಕ್ಕೆ ಕರೆ, ಜೊತೆಗೇ ಹತ್ತಿರದ ದೊಡ್ಡ ದವಾಖಾನೆಗೆ. ಒಂದು ತಾಸಿನೊಳಗೆ ರಕ್ತದ ಕಲ್ಚರ್ ತೆಗೆದು ಮೊದಲ ಆಂಟಿಬಯೋಟಿಕ್ ಇಲ್ಲೇ ರಕ್ತನಾಳಕ್ಕೆ ಹೋಗಬೇಕು, ಆಮೇಲೆ ಬೆಂಗಳೂರಿಗೆ ಹೊರಡುವ ಮಾತು. ಮೊದಲ ಡೋಸ್ ಬೀಳದೆ ಆರುನೂರು ಕಿಲೋಮೀಟರ್ ಆಂಬುಲೆನ್ಸಿನಲ್ಲಿ ಹೋಗುವುದು ಈ ಭಾಗದವರಿಗೆ ಆಗುವ ಅತಿ ದೊಡ್ಡ ತಪ್ಪು. ಇದಕ್ಕೇ ಡಿಸ್ಚಾರ್ಜ್ ದಿನ ಊರಿನ ವೈದ್ಯರ ಹೆಸರಿಗೆ ಒಂದು ಪುಟದ ಪತ್ರ ಬರೆಸಿಕೊಳ್ಳಿ: ಕಸಿಯ ದಿನ, ದಾನಿ ಯಾರು, ಈಗಿನ ಔಷಧಿ-ಡೋಸ್, ಜ್ವರ ಬಂದರೆ ಯಾವ ಆಂಟಿಬಯೋಟಿಕ್ ಎಷ್ಟು, ರಕ್ತ ಏರಿಸಿದರೆ ವಿಕಿರಣ ಹಾಯಿಸಿದ್ದೇ, ರಾತ್ರಿ ಎತ್ತುವ ಫೋನ್ ನಂಬರ್. ಡೈಕ್ಲೋಫೆನಾಕ್ ಸೂಜಿ ಬೇಡ ಎಂಬುದನ್ನೂ ಸೇರಿಸಿ. ಮೈಕೈ ನೋವೆಂದರೆ ನಮ್ಮ ಕಡೆ ಮೊದಲು ಹಾಕುವುದು ಅದೇ ಸೂಜಿ. ಟ್ಯಾಕ್ರೋಲಿಮಸ್ ಜೊತೆ ಅದು ಮೂತ್ರಪಿಂಡ ಕೆಡಿಸುತ್ತದೆ, ಪ್ಲೇಟ್ಲೆಟ್ ಕಡಿಮೆ ಇದ್ದರೆ ಚುಚ್ಚಿದ ಜಾಗದಲ್ಲೇ ರಕ್ತ ತುಂಬಿ ಊದುತ್ತದೆ.

ಮನೆಯೊಳಗೆ ಮೊದಲು ಕೂಲರ್ ತೆಗೆಯಿರಿ. ತೊಯ್ದ ಹುಲ್ಲಿನ ಪ್ಯಾಡು, ನಿಂತ ನೀರು, ಬೀಸುವ ಗಾಳಿ: ಬೂಷ್ಟಿನ ಬೀಜಗಳನ್ನು ನೇರ ಮುಖಕ್ಕೆ ಊದುವ ಯಂತ್ರ ಅದು. ಫ್ಯಾನು, ಇಲ್ಲವೇ ಜಾಲರಿ ತೊಳೆದ ಎಸಿ ಸಾಕು. ಮಾಳಿಗೆ ಮನೆಯಾದರೆ ಮೇಲಿನಿಂದ ಮಣ್ಣು ಉದುರದ ಕೋಣೆ ಕೊಡಿ. ಸುಣ್ಣ, ಗಿಲಾವು, ಪರಸಿ ಬದಲಿಸುವ ಕೆಲಸ ರೋಗಿ ಬರುವ ತಿಂಗಳು ಮುಂಚೆ ಮುಗಿಸಿ. ಜೋಳದ ರಾಶಿ, ತೊಗರಿ ಹೊಟ್ಟು, ದನದ ಕೊಟ್ಟಿಗೆ, ಸಗಣಿ ಸಾರಿಸುವುದು, ಪಾರಿವಾಳ ಇವುಗಳಿಂದ ವರ್ಷ ದೂರ. ಶರಣಬಸವೇಶ್ವರ ಜಾತ್ರೆಗೂ ಬಂದೇ ನವಾಜ್ ಉರುಸಿಗೂ ಆ ವರ್ಷ ಮನೆಯಿಂದಲೇ ಕೈಮುಗಿಯಲಿ.

ಊಟಕ್ಕೆ ಬಿಸಿ ಜೋಳದ ರೊಟ್ಟಿ, ಬೇಯಿಸಿದ ಪಲ್ಯ, ಬೇಳೆ ಒಳ್ಳೆಯದೇ. ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ, ಹಸಿ ಮೆಂತ್ಯೆ, ಸೌತೆಕಾಯಿ ಕಚ್ಚುವ ರೂಢಿ ಮಾತ್ರ ಬಿಡಬೇಕು. ಶೇಂಗಾ ಹಿಂಡಿ ತಿಂಗಳ ಹಿಂದೆ ಕುಟ್ಟಿಟ್ಟದ್ದು ಬೇಡ, ಶೇಂಗಾಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ. ಅವತ್ತೇ ಹುರಿದು ಅವತ್ತೇ ಕುಟ್ಟಿದರೆ ಪರವಾಗಿಲ್ಲ. ನೀರನ್ನು ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ, ನಲ್ಲಿ ಇರುವ ಮುಚ್ಚಿದ ಸ್ಟೀಲ್ ಪಾತ್ರೆಯಲ್ಲಿಡಿ. ಕೊಡಕ್ಕೆ ಚೊಂಬು ಅದ್ದಿದರೆ ಕುದಿಸಿದ್ದು ವ್ಯರ್ಥ.

ಮನೆಯಲ್ಲಿ ಚಿಕ್ಕ ಕೂಸಿದ್ದರೆ ಪೋಲಿಯೋ ಹನಿ ಹಾಕಿಸುವ ಮುನ್ನ ಕಸಿ ವೈದ್ಯರಿಗೆ ಹೇಳಿ. ಹನಿಯಲ್ಲಿನ ಜೀವಂತ ವೈರಸ್ ಕೂಸಿನ ಮಲದಲ್ಲಿ ಕೆಲವು ವಾರ ಬರುತ್ತದೆ, ಆ ಕೂಸನ್ನು ರೋಗಿ ತೊಳೆಯಬಾರದು. ರೋಗಿಗೆ ಚಿಕ್ಕಂದಿನ ಲಸಿಕೆಗಳ ರಕ್ಷಣೆ ಬಹುಪಾಲು ಹೋಗಿರುತ್ತದೆ; ಆರು ತಿಂಗಳ ನಂತರ ನ್ಯುಮೋನಿಯಾ, ಧನುರ್ವಾಯು, ಹೆಪಟೈಟಿಸ್ ಬಿ ಮೊದಲಾದವನ್ನು ಹೊಸದಾಗಿ ಹಾಕಿಸಬೇಕು. ದಡಾರದಂಥ ಜೀವಂತ ಲಸಿಕೆ ಎರಡು ವರ್ಷ ಕಳೆದು, ಜಿವಿಎಚ್‌ಡಿ ಇಲ್ಲದೆ, ಟ್ಯಾಕ್ರೋಲಿಮಸ್ ನಿಂತ ಮೇಲೆ ಮಾತ್ರ.

ಫಲ ಎಷ್ಟು

ಸಿಎಲ್‌ಎಲ್‌ನಲ್ಲಿ ಕಡಿಮೆ ತೀವ್ರತೆಯ ಕಸಿಯಾದವರಲ್ಲಿ ಐದು ವರ್ಷ ಕಾಯಿಲೆ ಮರಳದೆ ಬದುಕುವವರು ನೂರಕ್ಕೆ 35ರಿಂದ 50. ಕಸಿಯ ತೊಡಕಿನಿಂದಲೇ ಹೋಗುವವರು ನೂರಕ್ಕೆ 15ರಿಂದ 30. ಈ ಎರಡೂ ಅಂಕಿಯನ್ನು ರೋಗಿಯ ಎದುರಿಗೇ ಮಾತಾಡಿ, ನಿರ್ಧಾರ ಅವರದಾಗಲಿ.

ದಾನಿಯ ಪಾಲು ಎಷ್ಟು ಎಂದು 30, 60, 100ನೆಯ ದಿನದ ಸುಮಾರಿಗೆ ಕೈಮೆರಿಸಂ ಪರೀಕ್ಷೆಯಲ್ಲಿ ನೋಡುತ್ತಾರೆ. ಜಿವಿಎಚ್‌ಡಿ ಇಲ್ಲದಿದ್ದರೆ ಮೂರನೆಯಿಂದ ಆರನೆಯ ತಿಂಗಳೊಳಗೆ ಟ್ಯಾಕ್ರೋಲಿಮಸ್ ಇಳಿಸುತ್ತ ಬರುತ್ತಾರೆ, ಆಗ ದಾನಿಯ ಸೈನ್ಯ ಕಟ್ಟು ಬಿಚ್ಚಿ ಉಳಿದ ಕ್ಯಾನ್ಸರ್ ಕೋಶಗಳ ಮೇಲೆ ಬೀಳುತ್ತದೆ. ಸಿಎಲ್‌ಎಲ್‌ನಲ್ಲಿ ಕೆಲವರಿಗೆ ಉಳಿಕೆ ಕಾಯಿಲೆ ಮಾಯವಾಗುವುದು ಈ ಹಂತದಲ್ಲೇ, ಕೀಮೋದ ಹೊತ್ತಿನಲ್ಲಿ ಅಲ್ಲ. ಸಿಎಂಎಲ್‌ನಲ್ಲಿ ಪಿಸಿಆರ್ ಮತ್ತೆ ಏರತೊಡಗಿದರೆ ಅದೇ ದಾನಿಯ ಬಿಳಿ ಕಣಗಳನ್ನು ಇನ್ನೊಮ್ಮೆ ತೆಗೆದು ಕೊಡಬಹುದು. ದಾನಿಯ ಫೋನ್ ನಂಬರ್ ಬದಲಾದರೆ ಕೇಂದ್ರಕ್ಕೆ ತಿಳಿಸಿರಿ.

ದಾನಿಯ ರಕ್ತದ ಗುಂಪು ಬೇರೆ ಇದ್ದರೆ ಕೆಲವು ತಿಂಗಳಲ್ಲಿ ರೋಗಿಯ ಗುಂಪೂ ಅದೇ ಆಗುತ್ತದೆ. ದಾನಿ ಓ ಪಾಸಿಟಿವ್ ಆಗಿದ್ದರೆ ಬಿ ಪಾಸಿಟಿವ್ ಇದ್ದ ರೋಗಿ ಓ ಪಾಸಿಟಿವ್ ಆಗುತ್ತಾರೆ. ಹಳೆಯ ಗುಂಪು ಬರೆದ ಡ್ರೈವಿಂಗ್ ಲೈಸೆನ್ಸ್, ಕಿಸೆಯಲ್ಲಿನ ಚೀಟಿ, ಕಚೇರಿಯ ಗುರುತಿನ ಚೀಟಿ ಎಲ್ಲ ಬದಲಿಸಿ, ಹೊಸ ಗುಂಪು, ಕಸಿಯ ದಿನ, ‘ವಿಕಿರಣ ಹಾಯಿಸಿದ ರಕ್ತ ಮಾತ್ರ’ ಎಂಬ ಸಾಲು ಇರುವ ಕಾರ್ಡನ್ನು ಕಸಿ ಕೇಂದ್ರದಿಂದ ಬರೆಸಿ ಲ್ಯಾಮಿನೇಟ್ ಮಾಡಿಸಿ ಪರ್ಸಿನಲ್ಲಿಡಿ.